ಮೂರು ತಟ್ಟೆಯೂ ಎಂಜಲು

ಮೈಸೂರಿನಿಂದ ಬಂದ ಅತ್ತೆಯೆಂಬ ಹುರುಪಿನಲ್ಲಿ ಅಣ್ಣನ ಮಕ್ಕಳಿಬ್ಬರನ್ನು ಜೆ.ಪಿ. ನಗರದ ದೊಡ್ಡ ಹೋಟೆಲಿಗೆ ಮಧ್ಯಾಹ್ನದ ಟೀಗೆ ಕರೆತಂದದ್ದು ನನ್ನದೇ ತಪ್ಪು. ಒಂದರ ಮೇಲೊಂದು ಮೂರು ತಟ್ಟೆ ಜೋಡಿಸಿದ ಸ್ಟ್ಯಾಂಡ್ ಮೇಜಿಗೆ ಬಂತು: ಮೇಲೆ ಕೇಕು, ನಡುವೆ ಬನ್ನು, ಕೆಳಗೆ ಸ್ಯಾಂಡ್‌ವಿಚ್ಚು. ನಾನು ಫೋಟೋ ತೆಗೆದು ಫೋನ್ ಕೆಳಗಿಡುವಷ್ಟರಲ್ಲಿ ನಾಲ್ಕು ವರ್ಷದ ಚಿಂಟು ಒಂದೊಂದೇ ಕೇಕಿನ ಕ್ರೀಮ್ ನೆಕ್ಕಿ, ಬಲು ನಾಜೂಕಾಗಿ ಮತ್ತೆ ಅಲ್ಲೇ ಇಟ್ಟಿದ್ದ.

“ಹೋಗ್ಲಿ, ಕೆಳಗಿನ್ ತಟ್ಟೇದು ತಿನ್ನೋಣ,” ಎಂದೆ.

ಅವನ ಅಕ್ಕ ಅನಘಳಿಗೆ ಎಂಟೇ ವರ್ಷ. ಮಡಿ-ಎಂಜಲಿನ ವಿಷಯದಲ್ಲಿ ಮಾತ್ರ ನಮ್ಮಮ್ಮನ ಖಾಸಾ ಶಿಷ್ಯೆ. “ಎಲ್ಲಾ ಒಂದೇ ಸ್ಟ್ಯಾಂಡಲ್ವಾ ಅತ್ತೆ? ಎಲ್ಲಾನೂ ಎಂಜಲು. ನೀವು ತಿಂದ್ರೆ ಅಜ್ಜಿಗೆ ಹೇಳ್ತೀನಿ.”

ನಲವತ್ತು ದಾಟಿದರೂ ನನಗೆ ಅಮ್ಮನ ಹೆದರಿಕೆ ಹೋಗಿಲ್ಲ.

“ಬೇರೆ ತರ್ಲಾ ಮೇಡಂ?” ಎಂದ ವೇಟರ್.

“ಬೇಡಪ್ಪಾ, ಇವ್ನು ಅದನ್ನೂ ನೆಕ್ತಾನೆ.”

ಚಿಂಟು ಅಷ್ಟರಲ್ಲಿ ಮೇಜಿನಡಿ ಸೇರಿದ್ದ. ಹಸಿವು, ಸಿಟ್ಟು ಎರಡೂ ನೆತ್ತಿಗೇರಿ, ಪಕ್ಕದ ಬಟ್ಟಲಿನಿಂದ ಒಂದು ಸಕ್ಕರೆ ಕ್ಯೂಬ್ ತೆಗೆದು ಬಾಯಿಗೆ ಹಾಕಿಕೊಂಡೆ.

ಮೇಜಿನಡಿಯಿಂದ ಇಣುಕಿ ನೋಡಿದ ಚಿಂಟು ಕೇಳಿದ: “ಅತ್ತೆ, ಅದು ಕೇಕಿಗಿಂತ ಸಿಹಿ ಅಲ್ವಾ? ನಾನು ಆಗ್ಲೇ ಎಲ್ಲಾನೂ ನೆಕ್ಕಿ ನೋಡ್ದೆ.”

ಅನಘಳ ಕೈ ನನ್ನ ಫೋನಿನ ಮೇಲಿತ್ತು.