ದ್ಯಾಮವ್ವನ ಸರ್ಕಾರಿ ಬೋರ್ಡು

1980ರಲ್ಲಿ ನಾನು ಕೊಪ್ಪಳದ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದೆ. ಕೊಪ್ಪಳ ಆಗಿನ್ನೂ ಜಿಲ್ಲೆಯಾಗಿರಲಿಲ್ಲ, ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಾಗಿತ್ತು. ಕರಿ ಕೋಟು ಹಾಕಿ ನಾಲ್ಕು ವರ್ಷವಾಗಿತ್ತು. ನನ್ನ ಕಚೇರಿಗೆ ಕಕ್ಷಿದಾರರಿಗಿಂತ ಹೆಚ್ಚಾಗಿ ಬರುತ್ತಿದ್ದವರು ಪುಕ್ಕಟೆ ಚಹಾ ಕುಡಿಯುವ ಗೆಳೆಯರು. ಹೊಲದ ಬದು, ಅಣ್ಣತಮ್ಮಂದಿರ ಪಾಲು, ಸಣ್ಣಪುಟ್ಟ ಹೊಡೆದಾಟ, ಇಷ್ಟರಲ್ಲೇ ನನ್ನ ಕಾನೂನು ಮುಗಿಯುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ನಾನು ಮೊದಲ ಸಲ ಪೂರ್ತಿ ಓದಿದ್ದು ಒಬ್ಬ ಹೆಬ್ಬೆಟ್ಟಿನ ಹೆಣ್ಣುಮಗಳಿಗಾಗಿ. ಆ ಕೇಸು ನೆನಪಾದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ಆಕೆಯ ಹೆಸರು ದ್ಯಾಮವ್ವ. ಹಿಟ್ನಾಳದಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಹಳ್ಳಿಯವಳು, ಐವತ್ತು ದಾಟಿದ ವಿಧವೆ. ಆಕೆಯ ಹೊಲದಲ್ಲೊಂದು ದೊಡ್ಡ ಆಲದ ಮರ, ಮರದ ತುಂಬ ಬಾವಲಿಗಳು. ಹಗಲೆಲ್ಲ ತಲೆಕೆಳಗಾಗಿ ಜೋತುಬಿದ್ದು ಜಗಳವಾಡಿ, ಸಂಜೆಯಾದರೆ ಹಣ್ಣು ಹುಡುಕಿಕೊಂಡು ನದಿಯ ಕಡೆಗೆ ಹಾರುವ ದೊಡ್ಡ ಜಾತಿಯವು. ದ್ಯಾಮವ್ವ ಕೋರ್ಟಿನ ಸಮನ್ಸ್ ಹಿಡಿದು ನನ್ನ ಕಚೇರಿಗೆ ಬಂದವಳೇ ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು.

“ವಕೀಲಸಾಹೇಬ್ರ, ನನಗ ಬಿಡುಗಡಿ ಆಗದಿದ್ರೂ ನಡೀತೈತಿ. ನನ್ನ ಬೋರ್ಡ್ ಒಂದು ಬಿಡಸ್ರಿ,” ಎಂದಳು.

ಆಗಿದ್ದು ಇಷ್ಟು. ಭಾನುವಾರ ಬಂತೆಂದರೆ ಊರೂರಿನ ಬಂದೂಕಿನವರು ಆ ಮರಕ್ಕೆ ಬರುತ್ತಿದ್ದರು. ಬಾವಲಿಯ ಮಾಂಸ ದಮ್ಮಿಗೆ ಔಷಧಿ ಎಂಬ ನಂಬಿಕೆ ಕೆಲವರಿಗೆ, ಉಳಿದವರಿಗೆ ಬರೀ ಶಿಕಾರಿಯ ಚಟ. ದ್ಯಾಮವ್ವ ಕೈಮುಗಿದರೂ ಯಾರೂ ಕೇಳುತ್ತಿರಲಿಲ್ಲ. ಒಮ್ಮೆ ಆಕೆ ಹೆದ್ದಾರಿಯ ಬದಿಯಲ್ಲಿ ಅರಣ್ಯ ಇಲಾಖೆಯ ಬೋರ್ಡು ನೋಡಿದಳು. ಅದರಲ್ಲಿ ಜಿಂಕೆಯ ಚಿತ್ರ, ನವಿಲಿನ ಚಿತ್ರ. ಇವನ್ನು ಕೊಂದರೆ ಜೈಲು ಎಂದು ಬರೆದಿದೆಯೆಂದು ಯಾರೋ ಓದಿ ಹೇಳಿದರು. ಸರಿ, ಈಕೆ ಕೊಪ್ಪಳಕ್ಕೆ ಬಂದು, ಲಾರಿಗಳಿಗೆ ಬಣ್ಣ ಬಳಿಯುವ ಪೇಂಟರನನ್ನು ಹಿಡಿದು, ತಗಡಿನ ಬೋರ್ಡೊಂದನ್ನು ಬರೆಸಿ ಹೊಲದ ಬದುವಿನಲ್ಲಿ ನೆಟ್ಟೇಬಿಟ್ಟಳು: ‘ಈ ಬಾವಲಿಗಳನ್ನು ಕೊಂದವರಿಗೆ ಜೈಲು ಶಿಕ್ಷೆ. ಸರ್ಕಾರದ ಆಜ್ಞೆ.’ ಕೆಳಗೊಂದು ಬಾವಲಿಯ ಚಿತ್ರ. ಪೇಂಟರ್ ಮೊದಲು ಅದನ್ನು ಗೂಬೆಯ ಹಾಗೆ ನೆಟ್ಟಗೆ ಕೂರಿಸಿದ್ದನಂತೆ, ಬೈದು ತಲೆಕೆಳಗು ಮಾಡಿಸಿದಳಂತೆ.

“ಅಲ್ಲವಾ, ಸರಕಾರದ ಹೆಸರು ಯಾಕ ಹಾಕಿಸಿದಿ?” ಎಂದೆ.

“ಜಿಂಕಿಗೆ ಬೋರ್ಡ್ ಐತಿ, ನವಲಿಗೆ ಐತಿ. ಸರಕಾರಕ್ಕ ನೂರೆಂಟು ಕೆಲಸ ಇರತಾವು, ನಮ್ಮವನ್ನ ಮರತಿರಬೇಕು ಅಂದ್ಕೊಂಡು ನಾನ ಹಾಕಿಸಿದ್ನಿರಿ. ಸರಕಾರಕ್ಕ ಒಂದು ಕೆಲಸ ಉಳೀತಲ್ರಿ!”

ನಾನು ಸಮನ್ಸ್ ಬಿಡಿಸಿ ಓದತೊಡಗಿದೆ.

ಎರಡು ವರ್ಷ ಆ ಮರದಡಿ ಬಂದೂಕಿನ ಸದ್ದು ಕೇಳಲಿಲ್ಲ. ಆದರೆ ಗಂಗಾವತಿಯ ಅಕ್ಕಿ ಗಿರಣಿಯ ಶರಣಪ್ಪ ಸಾಹುಕಾರರಿಗೆ ಬಲ್ಲವರೊಬ್ಬರು ಒಂದು ದಿನ ಗುಟ್ಟು ಹೇಳಿಬಿಟ್ಟರು, ಬಾವಲಿ ಕೊಂದರೆ ಯಾವ ಶಿಕ್ಷೆಯೂ ಇಲ್ಲವೆಂದು. ಬೋರ್ಡು ನೋಡಿ ಜೀಪು ತಿರುಗಿಸಿಕೊಂಡು ಹೋಗಿದ್ದವರಲ್ಲಿ ಸಾಹುಕಾರರೂ ಒಬ್ಬರು. ಸಿಟ್ಟು ನೆತ್ತಿಗೇರಿತು. ಐ.ಪಿ.ಸಿ. 417ನೇ ಕಲಮಿನಡಿ, ಅಂದರೆ ವಂಚನೆಯ ಆರೋಪದಡಿ, ನೇರವಾಗಿ ಕೋರ್ಟಿಗೆ ಖಾಸಗಿ ದೂರು ಕೊಟ್ಟರು. ಕೋರ್ಟಿನ ಆದೇಶದಂತೆ ಪೊಲೀಸರು ಬೋರ್ಡು ಕಿತ್ತು ಜಪ್ತಿ ಮಾಡಿದರು. ಅಂದಿನಿಂದ ದ್ಯಾಮವ್ವ ಮರದಡಿಯೇ ಹೊರಸು ಹಾಕಿಕೊಂಡು ಕಾವಲಿಗೆ ಕೂತಿದ್ದಳು. ಎಷ್ಟು ದಿನ ಕೂರಲಾದೀತು?

ಕಾಯ್ದೆ ನಮ್ಮ ಕಡೆ ಇದ್ದೇ ಇರುತ್ತದೆಂಬ ಹುರುಪಿನಲ್ಲಿ ಹಿರಿಯ ವಕೀಲರೊಬ್ಬರಿಂದ ಪುಸ್ತಕ ತಂದು ಆಕೆಯ ಎದುರಿಗೇ ತೆರೆದೆ. 1972ರ ಆ ಕಾಯ್ದೆಗೆ ಆಗ ಐದು ಷೆಡ್ಯೂಲ್‌ಗಳು, ಅಂದರೆ ಅನುಸೂಚಿಗಳು. ಮೊದಲನೆಯದರಲ್ಲಿ ಹುಲಿಯಂಥ, ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳು. ಐದನೆಯದರಲ್ಲಿ ‘ವರ್ಮಿನ್’, ಅಂದರೆ ಪೀಡೆ ಎಂದು ಬಗೆದ ಜೀವಿಗಳು. ಇವನ್ನು ಯಾರು ಕೊಂದರೂ ಅಪರಾಧವಲ್ಲ. ಹಣ್ಣು ತಿನ್ನುವ ಬಾವಲಿ ಆ ಐದನೆಯದರಲ್ಲಿ, ಕಾಗೆ ಮತ್ತು ಇಲಿ ಹೆಗ್ಗಣಗಳ ಸಾಲಿನಲ್ಲಿ ಕೂತಿತ್ತು! ಮುಚ್ಚಿಡದೆ ಓದಿ ಹೇಳಿದೆ.

“ಹೆಗ್ಗಣದ ಜೋಡಿ? ಯಾರ್ರೀ ಅದನ್ನ ಬರದಾವ?” ದ್ಯಾಮವ್ವ ಎದ್ದೇ ನಿಂತಳು. “ಒಂದ್ಸಲ ನಮ್ಮ ಹೊಲಕ್ಕ ಕರಕೊಂಡು ಬರ್ರಿ ಅವನ್ನ. ಮದಿವ್ಯಾಗಿ ಆ ಊರಿಗೆ ಬಂದಾಗ ನನ್ನ ಯಾರೂ ಮಾತಾಡಸ್ತಿರಲಿಲ್ಲ. ದಿನಾ ನನ್ನ ಜೋಡಿ ಒದರಾಡಿದ್ದು ಅವಽ.”

ನನಗೆ ನಗು ಬಂತು. ಇವಳ ಬೋರ್ಡನ್ನು ಹೇಗಾದರೂ ಬಿಡಿಸಲೇಬೇಕೆಂದು ಅಲ್ಲೇ ನಿರ್ಧರಿಸಿದೆ.

ವಿಚಾರಣೆಯ ದಿನ ಬೋರ್ಡನ್ನು ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಕೇಸಿಲ್ಲದ ವಕೀಲರೂ ಬಂದು ಕೂತಿದ್ದರು. ಬೇಡದ ಮಾತು ಆಡಬೇಡವೆಂದು ದ್ಯಾಮವ್ವನಿಗೆ ಹತ್ತು ಸಲ ಹೇಳಿದ್ದೆ. ಮ್ಯಾಜಿಸ್ಟ್ರೇಟರು “ತಪ್ಪು ಒಪ್ಪಿಕೊಳ್ಳುತ್ತೀಯೇನಮ್ಮ?” ಎಂದು ಕೇಳಿದ್ದೇ ತಡ, ಶುರು ಹಚ್ಚಿಕೊಂಡಳು: “ಬೋರ್ಡ್ ನಂದಂತ ಒಪ್ಪಕೊಂತೀನ್ರಿ, ತಪ್ಪು ಒಪ್ಪಂಗಿಲ್ಲ. ಲಗೂ ಮುಗಸ್ರಿ ಸಾಹೇಬ್ರ, ಮರದ ಹತ್ರ ಯಾರೂ ಇಲ್ಲ.”

ನಾನು ತಲೆ ಬಗ್ಗಿಸಿದೆ. ಮ್ಯಾಜಿಸ್ಟ್ರೇಟರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

ಇನ್ನು ಉಳಿದಿದ್ದ ದಾರಿ ಒಂದೇ. ವಂಚನೆ ಸಾಬೀತಾಗಬೇಕಾದರೆ ಸುಳ್ಳೊಂದೇ ಸಾಲದು, ಆ ಸುಳ್ಳಿನಿಂದ ದೂರುದಾರರ ದೇಹಕ್ಕೋ ಮನಸ್ಸಿಗೋ ಮಾನಕ್ಕೋ ಆಸ್ತಿಗೋ ಹಾನಿಯಾಗಿರಬೇಕು. ಪಾಟೀಸವಾಲಿಗೆ, ಅಂದರೆ ದೂರುದಾರರನ್ನು ಪ್ರಶ್ನಿಸಲು, ಎದ್ದು ನಿಂತೆ.

“ಸಾಹುಕಾರ್ರ, ಈ ಬೋರ್ಡಿನಿಂದ ನಿಮಗೆ ಏನು ಹಾನಿ ಆಯ್ತು?”

“ಮರ್ಯಾದಿ ಹೋತಲ್ರಿ! ಮಂದಿ ನಗ್ತಾರ.”

“ನೀವು ಹೆದರಿ ತಿರುಗಿ ಹೋದದ್ದು ಆ ಎರಡು ವರ್ಷ ಯಾರಿಗೆ ಗೊತ್ತಿತ್ತು?”

“ಯಾರಿಗೂ ಇಲ್ಲ.”

“ಮತ್ತ ಮಂದಿಗೆ ಯಾವಾಗ ಗೊತ್ತಾತು?”

ಸಾಹುಕಾರರು ತಡವರಿಸಿದರು. “ಕೇಸ್... ಕೇಸ್ ಹಾಕಿದ ಮ್ಯಾಲ.”

ಕೋರ್ಟು ಗೊಳ್ಳೆಂದಿತು. ನಗು ಅಡಗುವ ಮೊದಲೇ ಇನ್ನೊಂದು ಪ್ರಶ್ನೆ ಹಾಕಿದೆ. “ಆ ಹೊಲದೊಳಗೆ ಹೋಗಲು ದ್ಯಾಮವ್ವನನ್ನು ಎಂದಾದರೂ ಕೇಳಿದ್ದಿರಾ?”

“ಇಲ್ರಿ. ಬಾವಲಿ ಹೊಡಿಯಾಕ ಯಾರನ್ನ ಕೇಳಬೇಕ್ರಿ?”

ನನಗೆ ಬೇಕಿದ್ದದ್ದು ಈ ಮಾತೇ. ಮ್ಯಾಜಿಸ್ಟ್ರೇಟರ ಆದೇಶ ಚಿಕ್ಕದಾಗಿತ್ತು. ಬಾವಲಿ ಕೊಲ್ಲುವುದನ್ನು ಕಾಯ್ದೆ ತಡೆಯುವುದಿಲ್ಲ ನಿಜ, ಆದರೆ ಅದಕ್ಕಾಗಿ ಪರರ ಹೊಲಕ್ಕೆ ನುಗ್ಗುವ ಹಕ್ಕನ್ನು ಯಾರಿಗೂ ಕೊಟ್ಟಿಲ್ಲ. ಇಲ್ಲದ ಹಕ್ಕು ತಪ್ಪಿಹೋದರೆ ಅದು ಹಾನಿಯಲ್ಲ. ದ್ಯಾಮವ್ವ ಬಿಡುಗಡೆಯಾದಳು. ಬೋರ್ಡನ್ನು ಹಿಂದಿರುಗಿಸಬೇಕು, ಆದರೆ ಅದರಲ್ಲಿರುವ ಸುಳ್ಳನ್ನು ಅಳಿಸಿಯೇ ಕೊಡಬೇಕು ಎಂದರು. ಸರ್ಕಾರದ ಹೆಸರು, ಜೈಲು, ಎರಡೂ ಅಳಿಸಿಹೋಗಿ ತಲೆಕೆಳಗಾದ ಬಾವಲಿ ಒಂದೇ ಉಳಿಯಿತು. ನಾನೂ ದ್ಯಾಮವ್ವನೂ ಅದನ್ನು ಹೊತ್ತುಕೊಂಡು ನೇರ ಪೇಂಟರನ ಅಂಗಡಿಗೆ ಹೋದೆವು.

“ಖರೇ ಇದ್ದದ್ದನ್ನ ಬರಸ್ಬೇಕು ನೋಡವಾ,” ಎಂದೆ. ಆಕೆ ಹೇಳುತ್ತ ಹೋದಳು, ಪೇಂಟರ್ ಒಂದಕ್ಷರ ಬದಲಿಸದೆ ಬರೆದ:

‘ಈ ಬಾವಲಿಗಳಿಗೆ ಕಾಯ್ದೆ ಇಲ್ಲ. ನಾ ಅದೀನಿ. ಕೇಳದೆ ಒಳಗ ಬರಬ್ಯಾಡ್ರಿ. ದ್ಯಾಮವ್ವ.’

ಮುಂದಿನ ಭಾನುವಾರ ನಾನು ಬೇಕೆಂದೇ ಆ ಹೊಲಕ್ಕೆ ಹೋಗಿದ್ದೆ. ಸಂಜೆ ಸಾಹುಕಾರರ ಜೀಪು ಬಂತು. ನಾನು ಎದ್ದು ಬದುವಿನ ಕಡೆ ನಡೆದೆ. ಅವರು ಇಳಿದು, ಬೋರ್ಡನ್ನು ಎರಡು ಸಲ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬದುವಿನಾಚೆಯೇ ನಿಂತು, “ಯವ್ವಾ ದ್ಯಾಮವ್ವಾ, ಒಳಗ ಬರಲೇನು? ಮನ್ಯಾಗಿನ ಮಂದೀನೂ ಬಂದಾರ, ಬಾವಲಿ ಹಾರೂದು ನೋಡಬೇಕಂತ,” ಎಂದು ಕೂಗಿದರು.

“ಬಂದೂಕು ಜೀಪಿನ್ಯಾಗ ಬಿಟ್ಟು ಬರ್ರಿ,” ಎಂದಳು ಈಕೆ. ಎಲ್ಲರಿಗೂ ಅಲ್ಲೇ ರೊಟ್ಟಿ, ಶೇಂಗಾ ಚಟ್ನಿ ಆಯಿತು. ಅಂಥ ಖುಷಿಯ ಊಟ ನಾನು ಮತ್ತೆ ಉಂಡಿಲ್ಲ.

“ಸರ್, ಇದಕ್ಕೆ ಸೆಕ್ಷನ್ ಇಲ್ಲ” ಎಂದು ನನ್ನ ಜೂನಿಯರುಗಳು ಫೈಲು ಮುಚ್ಚಲು ಹೊರಟರೆ ನನಗೆ ರೇಗುತ್ತದೆ. ಸೆಕ್ಷನ್ ಇಲ್ಲದಿದ್ದರೆ ವಕೀಲನ ಕೆಲಸ ಮುಗಿಯಲಿಲ್ಲ ಕಣ್ರಯ್ಯಾ, ಆಗಲೇ ಶುರುವಾಗುವುದು ಎಂದು ಗದರುತ್ತೇನೆ. ಇತ್ತೀಚೆಗೆ ಕಾಯ್ದೆ ತಿದ್ದುಪಡಿಯಾಗಿ ಆ ಐದನೆಯ ಅನುಸೂಚಿಯನ್ನೇ ಕೈಬಿಟ್ಟಿದ್ದಾರೆ. ಈ ದೊಡ್ಡ ಬಾವಲಿಗಳಿಗೂ ಈಗ ರಕ್ಷಣೆ ಇದೆ. ಕಾನೂನು ತನ್ನ ತಪ್ಪು ತಿದ್ದಿಕೊಳ್ಳುತ್ತದೆ, ಆದರೆ ನಿಧಾನವಾಗಿ. ಅಲ್ಲಿಯವರೆಗೆ ಆ ಮರದ ಬಾವಲಿಗಳು ಬದುಕಿರಬೇಕಿತ್ತಲ್ಲ. ಬದುಕಿದ್ದವು, ಯಾಕೆಂದರೆ ದ್ಯಾಮವ್ವ ಇದ್ದಳು.