ಬಣ್ಣ ಹೋದ ಮರದ ತಟ್ಟೆ

ನಾನು ಚಕ್ಕುಲಿ ತುಂಬಿ ಹಿಂದಿರುಗಿಸಿದ ಮರದ ತಟ್ಟೆಯ ಅಂಚನ್ನು, ಅಮೆರಿಕದ ಫ್ರೀಮಾಂಟ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಬೆರಳಿನಿಂದ ಸವರುತ್ತ ನಿಂತರು. ನೀಲಿ ಹೂಬಳ್ಳಿ ಅರ್ಧ ಅಳಿಸಿಹೋಗಿತ್ತು.

ನಾರ್ವೆಯಿಂದ ಬಂದವರು ಕಟ್ಟಿದ ಪುಟ್ಟ ಊರಿನಲ್ಲಿ ಬೆಳೆದವರು ಅವರು. ಅಲ್ಲಿ ಮನೆಮನೆಯಲ್ಲೂ ಮರದ ಮೇಲೆ ಹೂ ಬರೆಯುತ್ತಿದ್ದರಂತೆ. ಅವರು ಬಿಸ್ಕತ್ತು ಇಟ್ಟು ಕೊಟ್ಟಿದ್ದ ತಟ್ಟೆಯನ್ನು ಬರಿದಾಗಿ ಕೊಡಬಾರದೆಂದು ಗೊತ್ತಿದ್ದ ನಾನು, ಬಿಸಿನೀರಿಗೆ ಬಣ್ಣ ಹೋದೀತೆಂದು ತಿಳಿಯದೆ ಅದನ್ನು ಡಿಶ್‌ವಾಷರ್‌ಗೆ ಹಾಕಿದ್ದೆ.

“ಇದನ್ನು ಬರೆದದ್ದು ನನ್ನ ತಾಯಿ,” ಎಂದರು ಅಜ್ಜಿ.

ಡಾಟ್‌ಕಾಮ್ ಷೇರು ಏರಿದ ಗುಂಗಿನಲ್ಲಿದ್ದ ನನ್ನ ಗಂಡ, “ಅಷ್ಟೇ ತಾನೇ? ಇಂಟರ್ನೆಟ್ಟಲ್ಲಿ ಇಂಥದ್ದು ಹತ್ತು ಸಿಗುತ್ತೆ, ಆರ್ಡರ್ ಮಾಡಿ ಕೊಟ್ಬಿಡೋಣ,” ಅಂದರು. ಆ ಮಾತನ್ನು ನಾನು ಇಂಗ್ಲಿಷಿನಲ್ಲಿ ಅಜ್ಜಿಗೆ ಹೇಳಿಯೂ ಬಿಟ್ಟೆ.

ಮರುದಿನ ಅಜ್ಜಿಯ ಅದೇ ತಟ್ಟೆ ನಮ್ಮ ಬಾಗಿಲಲ್ಲಿತ್ತು, ಬರಿದಾಗಿ. ಅದನ್ನು ತುಂಬಿ ಹಿಂದಿರುಗಿಸುವಂಥದ್ದು ನನ್ನಲ್ಲಿ ಇವತ್ತಿಗೂ ಏನೂ ಇಲ್ಲ.