ಅಕ್ಕನ ಊಟದ ಮೇಲಿನ ತೆರಿಗೆ

ತೆರಿಗೆ ನಿಯಮ ಓದುವುದನ್ನು ನನಗೆ ಯಾರೂ ಕಲಿಸಲಿಲ್ಲ. ಅಕ್ಕ ಸ್ಕಾಲರ್‌ಶಿಪ್ ಸಿಕ್ಕು ಅಮೆರಿಕಕ್ಕೆ ಓದಲು ಹೋದ ಮೇಲೆ ನಮ್ಮೂರು ಕೊಂಕಲ್ಲಿನ ಮನೆಯಲ್ಲಿ ಉಳಿದದ್ದು ನಾನು, ಅವ್ವ ಇಬ್ಬರೇ. ಅವ್ವ ಮೆಣಸಿನಕಾಯಿ ಬಿಡಿಸಲು ಹೋದರೆ ಮಾತಾಡಲು ಯಾರೂ ಇಲ್ಲ. ಫೋನಿನಲ್ಲಿ ಅಲ್ಲಿನ ನಿಯಮಗಳನ್ನು ಒಂದೊಂದೇ ಪದದ ಅರ್ಥ ಹುಡುಕುತ್ತ ಓದಿದೆ. ಎಷ್ಟು ಮಜಾ ಗೊತ್ತಾ! ನಮ್ಮಲ್ಲಿ ಓದಿಗೆಂದು ಕೊಟ್ಟ ಸ್ಕಾಲರ್‌ಶಿಪ್ಪಿಗೆ ತೆರಿಗೆಯಿಲ್ಲ. ಅಲ್ಲಿ ಫೀಸು, ಪುಸ್ತಕದ ಪಾಲಿಗೆ ಇಲ್ಲ. ಊಟ, ರೂಮಿನ ಪಾಲಿಗೆ ಇದೆ.

ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು.

“ಓದಿದ್ದಕ್ಕ ಇಲ್ಲ, ಉಂಡಿದ್ದಕ್ಕ ಕಂದಾಯ? ಎಂಥಾ ಮಂದಿನವ್ವಾ ಅವರು! ಕಡಕ್ ರೊಟ್ಟಿ ಕಳಸ್ತೀನಿ, ಅದನ್ನ ತಿನ್ನಲಿ. ನನ್ನ ರೊಟ್ಟಿಗಿ ಯಾರ್ ಕಂದಾಯ ಹಾಕ್ತಾರ, ನೋಡ್ತೀನಿ.”

“ತಿಂದ್ರೂ ಬಿಟ್ರೂ ಅಷ್ಟಽ ಯವ್ವಾ. ಊಟಕ್ಕಂತ ಕೊಡೋ ರೊಕ್ಕದಾಗ ಮೊದಲಽ ಹಿಡಕೊಂಡಾರ.”

ಹಾಗೆ ಹಿಡಿದ ಹಣ ವಾಪಸ್ ಬಂದರೆ ಅದೇ ಅಕ್ಕ ಬೇಸಿಗೆ ರಜೆಗೆ ಊರಿಗೆ ಬರುವ ಟಿಕೆಟ್ಟು. ಎರಡು ದೇಶಗಳ ಒಪ್ಪಂದದಲ್ಲಿ ಭಾರತದ ವಿದ್ಯಾರ್ಥಿಗಳಿಗೆ ಒಂದು ರಿಯಾಯಿತಿ ಇದೆ ಎಂದು ಪತ್ತೆ ಮಾಡಿದವಳು ನಾನೇ. ಅದನ್ನು ತೋರಿಸಿ ಹಣ ವಾಪಸ್ ಕೇಳುವ ಅರ್ಜಿ ತುಂಬುವ ಕೆಲಸವೂ ನನಗೇ ಬಂತು. ಅದು ಬೇಗ ಹೋದರೆ ಹಣ ರಜೆಯೊಳಗೆ ವಾಪಸ್ ಬರಬಹುದಿತ್ತು.

ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ ಅಕ್ಕ ಈ ಅರ್ಜಿಯ ನೆಪದಲ್ಲಿ ದಿನಾ ಮಾಡತೊಡಗಿದಳು. ನಮ್ಮ ಬೆಳಗು ಅವಳ ಸಂಜೆ. ಸಿಗ್ನಲ್ಲು ಮಾಳಿಗೆಯ ಮೇಲೆ ಮಾತ್ರ.

“ಏ ಸಿಎ ಮೇಡಂ, ಎಲ್ಲೀತನ ಬಂತು?”

“ಎರಡನೇ ಪುಟ ತುಂಬಾಕತ್ತೀನಿ. ರೂಮಿನ ಬಾಡಿಗಿ ಹೇಳು.”

“ಹೇಳ್ತೀನಿ ತಡಿ. ಇವತ್ತು ಬಾಯಿ ತೆಗದು ಮಾತಾಡಿದ್ದು ನಿನ್ನ ಜೋಡಿನಽ ಮೊದಲ.”

ನನ್ನದೂ ಅದೇ ಕಥೆ. ಆದರೆ ಹೇಳಲಿಲ್ಲ.

ಐದನೆಯ ದಿನ ಅರ್ಜಿ ಮುಗಿಯಿತು. ಮೂರು ಸಲ ತಾಳೆ ನೋಡಿದೆ, ಎಲ್ಲಾ ಸರಿ.

“ಮುಗೀತನು?” ಅಂದಳು ಅಕ್ಕ.

“ಒಂದು ಸಾಲು ಉಳದೈತಿ.”

ಮರುದಿನವೂ ಅದನ್ನೇ ಹೇಳಿದೆ. ಅದರ ಮರುದಿನವೂ. ನಾಲ್ಕನೆಯ ಬೆಳಿಗ್ಗೆ ಅವ್ವ ಅಂಗಳದಿಂದ ಕೂಗಿದಳು: “ಆಕಿ ಮಲಗೋ ಕೋಣಿ ಸಾರಿಸೀನಿ. ಯಾವಾಗ ಬರ್ತಾಳ, ಕೇಳು!”

ಆ ಕ್ಷಣವೇ ಕಳಿಸಿಬಿಟ್ಟೆ. ಅಕ್ಕ ಅವತ್ತೇ ಸಹಿ ಹಾಕಿ ಅಂಚೆಗೆ ಹಾಕಿದಳು.

ಹಣ ಪೂರ್ತಿ ವಾಪಸ್ ಬಂತು, ರಜೆ ಮುಗಿದು ಅವಳ ತರಗತಿಗಳು ಮತ್ತೆ ಶುರುವಾದ ವಾರ. “ಭಾಳ ಶಾಣ್ಯಾಕಿ ಬಿಡು ನೀ,” ಅಂದಳು. ಆ ಮೂರು ದಿನ ಬೇಗ ಹೋಗಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಅವಳಿಗೂ ಹೇಳಿಲ್ಲ.

ಫೋನು ಮತ್ತೆ ವಾರಕ್ಕೊಮ್ಮೆಗೆ ಇಳಿದಿದೆ. ಬೆಳಿಗ್ಗೆ ಮಾಳಿಗೆ ಹತ್ತುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಬರುವ ವರ್ಷದ ಅರ್ಜಿಯ ನಿಯಮಗಳನ್ನು ಈಗಲೇ ಓದುತ್ತ ಕೂರುತ್ತೇನೆ.